ಹಗುರ ಮಾಡುವ ಕೈ

ಕಲ್ಯಾಣದ ಲಾಲಪ್ಪನ ಮನೆಯಲ್ಲಿ ಮೈಕೈ ನೋವೆಂದು ಯಾರೂ ದವಾಖಾನೆಯ ಮೆಟ್ಟಿಲು ಹತ್ತಿದವರಲ್ಲ. ಅತ್ತರು, ಊದುಬತ್ತಿ, ಸುಗಂಧದೆಣ್ಣೆ ಮಾರುವ ಮನೆತನ. ನೋವಿಗೆ ಹೊರಗಿನ ಔಷಧ ತಂದರೆ ಅಂಗಡಿಯ ಮರ್ಯಾದೆ ಏನಾಗಬೇಕು? ಲಾಲಪ್ಪನನ್ನು ಮದುವೆಯಾಗಿ ಬಂದ ಮೀರಾಬಾಯಿಗೆ ಅತ್ತೆ ಅಡುಗೆಗಿಂತ ಮೊದಲು ಕಲಿಸಿದ್ದು ಎಣ್ಣೆ ತಿಕ್ಕುವುದನ್ನು. ಕರ್ಪೂರ, ಲಾವಂಚ ಹಾಕಿ ಕಾಯಿಸಿದ ಎಣ್ಣೆ ಹಿಡಿದು ಅವಳು ಕೂತರೆ ಎಂಥ ನೋವೂ ಜಾಗ ಖಾಲಿ ಮಾಡುತ್ತಿತ್ತು. ಆ ಹೆಮ್ಮೆ ಅವಳಿಗೂ ಇತ್ತು, ಸುಳ್ಳೇಕೆ ಹೇಳಬೇಕು.

ಎಂಬತ್ಮೂರನೇ ಇಸವಿಯಲ್ಲಿ ಲಾಲಪ್ಪನಿಗೆ ಎದೆ ಹಿಡಿದಂತಾಯಿತು. ಹುಮನಾಬಾದಿನ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಕೊಬ್ಬು ಏರಿದೆಯೆಂದು ಗುಳಿಗೆ ಬರೆದುಕೊಟ್ಟರು.

"ಇವರು ಅತ್ತರ ಅಂಗಡ್ಯಾಗ ಕೂಡಬಹುದೇನ್ರಿ?" ಮೀರಾಬಾಯಿ ಕೇಳಿದಳು.

"ಕೂಡ್ಲಿ. ವಾಸನಿ ತಗೊಳ್ಳಿ, ಅಂಗಿ ಅರಿವಿಗಿ ಹಚ್ಚಕೊಳ್ಳಿ. ಹೊಟ್ಟಿಗಿ ಮಾತ್ರ ಯಾವ ಸುಗಂಧದೆಣ್ಣೀನೂ ಹೋಗಬಾರದು. ಇನ್ನೊಂದು ಕೇಳ್ರಿ ತಾಯಿ, ಈ ಗುಳಿಗಿ ಕೆಲವರಿಗಿ ಆಗಿಬರಂಗಿಲ್ಲ. ತೊಡಿ, ಮೀನಖಂಡ ನೋಯಾಕತ್ತಿದ್ರ, ಮೂತ್ರ ಕಪ್ಪಾದ್ರ, ಗುಳಿಗಿ ನಿಲ್ಲಿಸಿ ಅವತ್ತೇ ಬರ್ರಿ."

ಮೊದಲ ಮಾತನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. ಶರಬತ್ತಿಗೆ ಕೇದಗೆ ಹೂವಿನ ಕೇವಡಾ ಹನಿಸುವುದನ್ನೂ ಬಿಟ್ಟಳು. ಎರಡನೆಯದು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಕಾಲುನೋವು ತನ್ನ ಕೈಯೊಳಗಿನ ವಿಷಯ, ಅದಕ್ಕೂ ಬಸ್ಸು ಹತ್ತಬೇಕೆ?

ಮಳೆಗಾಲಕ್ಕೆ ಲಾಲಪ್ಪನ ತೊಡೆ ನೋಯತೊಡಗಿತು. ಅವಳು ತಿಕ್ಕಿದಳು.

"ಹಗುರಾತು ನೋಡು," ಎಂದ ಅವನು. "ನಿನ್ನ ಕೈಗುಣಾನ ಹಂಗದ."

ಮತ್ತೆ ನೋಯಿತು, ಮತ್ತೆ ತಿಕ್ಕಿದಳು, ಕರ್ಪೂರ ಒಂದಿಷ್ಟು ಜಾಸ್ತಿ ಹಾಕಿದಳು. ಗುಳಿಗೆ ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ, ತಾನೇ ನೀರು ಹಿಡಿದು ನಿಂತು ನುಂಗಿಸಿದಳು. ಮೂತ್ರ ಕಪ್ಪಾದದ್ದನ್ನು ಅವನು ಉಷ್ಣವೆಂದುಕೊಂಡು ಹೇಳಿಯೇ ಇರಲಿಲ್ಲ. ಮುಖ ಬಾತು, ಎದ್ದು ನಿಲ್ಲಲಾರದೆ ಹೋದಾಗಲೇ ಅದೂ ಅವಳಿಗೆ ತಿಳಿದದ್ದು. ಪರಿಚಯದವರ ಜೀಪಿನಲ್ಲಿ ಹುಮನಾಬಾದಿಗೆ ಒಯ್ದಳು.

ಡಾಕ್ಟರು ಅವಳನ್ನು ಹೊರಗೆ ಕರೆದರು. "ಕಾಲು ಯಾವಾಗಿಂದ ನೋಯಾಕತ್ತಾವು?"

"ಭಾಳ ದಿನ ಆತ್ರಿ. ತಿಕ್ಕಿದ್ರ ಕಮ್ಮಿ ಆಗತಿತ್ರಿ."

ಅವರು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. "ಎಣ್ಣಿ ಕೆಟ್ಟದ್ದಲ್ಲ ತಾಯಿ. ಆದ್ರ ಗುಳಿಗಿ ಆಗಿಬರಂಗಿಲ್ಲ ಅಂತ ತಿಳಿಯಾಕ ಆ ನೋವು ನಮಗ ಬೇಕಾಗಿತ್ತು. ಅದನ್ನ ನೀವು ಸುಮ್ಮನಿರಿಸಿದ್ರಿ, ಒಳಗ ಖಂಡ ಕರಗಾಕತ್ತಿತ್ತು. ಅದು ರಕ್ತಕ್ಕ ಕೂಡಿ ಈಗ ಕಿಡ್ನಿ ನಿಂತಾವ. ಹೈದ್ರಾಬಾದಿಗಿ ಒಯ್ರಿ. ದಾರಿ ತಾಳತಾರ ಅಂತ ನಾ ಹೇಳಲಾರೆ."

ಮೀರಾಬಾಯಿ ಒಳಗೆ ಬಂದಳು. ಇಷ್ಟು ವರ್ಷ ಊರೆಲ್ಲ ಹೊಗಳಿದ ಎರಡು ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನಾನೇ ಕೊಂದೆ ಎನ್ನಿಸಿತು.

ಲಾಲಪ್ಪ ಕಣ್ತೆರೆದು ಬಾತ ಕಾಲನ್ನು ಅವಳ ಕಡೆ ಸರಿಸಿದ. "ಈ ಡಾಕ್ಟರರಿಗೇನು ತಿಳೀತದ. ನೀ ತಿಕ್ಕು, ಹಗುರಾಗತದ."

ಡಾಕ್ಟರು ಅಂದದ್ದನ್ನು ಹೇಳಬೇಕೆಂದಿದ್ದಳು. ಆದರೆ ಅವನ ಮುಖದಲ್ಲಿ ಅಷ್ಟು ನಂಬಿಕೆ ಇತ್ತು. ಮಂಚದ ತುದಿಗೆ ಕೂತು, ಕಾಲನ್ನು ಮಡಿಲಿಗೆ ತೆಗೆದುಕೊಂಡು ಬರಿಗೈಯಲ್ಲೇ ತಿಕ್ಕತೊಡಗಿದಳು. ಸ್ವಲ್ಪ ಹೊತ್ತಿಗೆ ಅವನ ಹುಬ್ಬಿನ ಗಂಟು ಸಡಿಲಾಯಿತು, ಹಗುರಾಯಿತು ಎಂದ.