ಆಷಾಢದ ಅಳಿಯ

ಗೀತಾ ಅರ್ಧ ಕಿರವತ್ತಿ ಊರಿಗೆ ಅರ್ಜಿ ತುಂಬಿಕೊಟ್ಟವಳು. ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಸತ್ತವರ ಹೆಸರು ತೆಗೆಸುವುದು, ಹುಟ್ಟಿದವರ ಹೆಸರು ಸೇರಿಸುವುದು, ಹೀಗೆ ಹೆದ್ದಾರಿ ಪಕ್ಕದ ಅವಳ ಝೆರಾಕ್ಸ್ ಅಂಗಡಿಯಲ್ಲಿ ಆಗದ ಸರ್ಕಾರಿ ಕೆಲಸವಿರಲಿಲ್ಲ. ಇಂಥವಳು ಸ್ವಂತ ಗಂಡನದೊಂದು ಅರ್ಜಿ ತುಂಬಲು ಹನ್ನೊಂದು ದಿನ ತೆಗೆದುಕೊಂಡಳೆಂದರೆ ಆ ಗಂಡ ಎಂಥವನಿರಬೇಕು, ನೀವೇ ಊಹಿಸಿ.

ಗಂಡ ಚೆಕ್ ದೇಶದವನು, ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುವವನು. ಹೆಸರು ಪಾವೆಲ್; ಊರಿನ ಬಾಯಲ್ಲಿ ಮೊದಲ ದಿನವೇ ಪವನ್ ಆಗಿಬಿಟ್ಟ. ಎರಡು ವರ್ಷದ ಹಿಂದೆ ಸೈಕಲ್ ಮೇಲೆ ಗೋವಾಕ್ಕೆ ಹೊರಟವನು ಇಲ್ಲಿ ಚಕ್ರ ಮುರಿದುಕೊಂಡು, ಪಾಸ್‌ಪೋರ್ಟಿನ ಝೆರಾಕ್ಸ್ ಮಾಡಿಸಲು ಅವಳ ಅಂಗಡಿಗೆ ಬಂದಿದ್ದ. ಒಂದು ಪ್ರತಿ ಸಾಕಿತ್ತು. ಐದು ದಿನ ಮಾಡಿಸಿದ.

ಈ ಸಲ ಪ್ರವಾಸಿ ವೀಸಾದ ಮೇಲೆ ಬಂದವನು, ಕೆಲವು ತಿಂಗಳು ಇದ್ದು ನೋಡುತ್ತೇನೆ, ಒಗ್ಗಿದರೆ ಪೂರಾ ಬಂದುಬಿಡುತ್ತೇನೆ ಎಂದಿದ್ದ. ನೋಡಿದ. ಒಗ್ಗಿತು. ಮಿರ್ಚಿ ಭಜಿ ತಿನ್ನುವಾಗ ಮಾತ್ರ ಅಳುತ್ತಿದ್ದ. ಜೂನ್ ಮೊದಲ ವಾರದಲ್ಲಿ ರಿಜಿಸ್ಟರ್ ಮದುವೆಯಾಯಿತು.

ಪ್ರವಾಸಿ ವೀಸಾ ಜುಲೈ ಕೊನೆಗೆ ಮುಗಿಯುತ್ತಿತ್ತು. ಅದನ್ನು ಇಲ್ಲಿದ್ದುಕೊಂಡೇ ಸಂಗಾತಿಯ ವೀಸಾ ಮಾಡಿಸಿಕೊಳ್ಳಬಹುದು ಎಂದು ಗೀತಾ ಪತ್ತೆ ಹಚ್ಚಿದಳು. ಕಾಗದಪತ್ರವೆಲ್ಲ ಸರಿಯಿತ್ತು. ಉಳಿದದ್ದು ಒಂದೇ: ಗಂಡ ಹೆಂಡತಿ ನಿಜವಾಗಿ ಒಟ್ಟಿಗೆ ಬಾಳುತ್ತಿದ್ದಾರೆಂದು ಪೊಲೀಸರು ಬಂದು ನೋಡಿ ಬರೆಯಬೇಕು. ಬರೆಯದಿದ್ದರೆ ಪವನ್ ತನ್ನ ದೇಶಕ್ಕೆ ಹೋಗಿ ಅಲ್ಲಿಂದ ಮತ್ತೆ ಅರ್ಜಿ ಹಾಕಬೇಕು. ಆರು ತಿಂಗಳೋ, ವರ್ಷವೋ. ಗೀತಾಳಿಗೆ ಆರು ದಿನವೂ ಬೇಡವಾಗಿತ್ತು.

ಅಷ್ಟರಲ್ಲಿ ಆಷಾಢ ಬಂತು.

"ಹೊಸಾ ಅಳಿಯ ಆಷಾಢದಾಗ ಅತ್ತಿ ಮನ್ಯಾಗ ಇರಂಗಿಲ್ಲ," ಎಂದಳು ಗೀತಾಳ ತಾಯಿ ದೇವಕ್ಕ. "ಅತ್ತಿ-ಅಳಿಯ ಒಂದ ಹೊಸ್ತಿಲಾ ದಾಟಿದ್ರ ಇಬ್ರಾಗ ಒಬ್ರಿಗೆ ಕೇಡು. ನನಗಂತೂ ಇನ್ನೂ ಸಾಯಾಕ ಮನಸಿಲ್ಲ."

ಇನ್ನೊಂದು ಕಾರಣವನ್ನು ಪಕ್ಕದ ಮನೆಯ ನೀಲಗಂಗವ್ವ ಬೇಲಿಯಾಚೆಯಿಂದ ಒದಗಿಸಿದಳು: "ಈಗ ಬಸರಾದ್ರ ಚೈತ್ರದ ಬಿಸಲಾಗ ಹಡೀಬೇಕಾಗ್ತೈತಿ ತಂಗಿ."

"ಎಲ್ಲಾರ ಅಳಿಯಂದ್ರು ತಮ್ಮ ತಮ್ಮ ಮನಿಗೆ ಹೋಗ್ತಾರ," ಎಂದಳು ದೇವಕ್ಕ.

"ಅವನ ಮನಿ ಪ್ರಾಗ್‌ನಾಗ ಐತಿ ಯವ್ವಾ!"

"ಅಷ್ಟ ದೂರ ಯಾಕ? ರಸ್ತಾದ ಆಚೀಕ ನಾಗಪ್ಪನ ಧಾಬಾ ಐತಲ್ಲ."

ಪೊಲೀಸ್ ವಿಚಾರಣೆಗೆ ತಿಂಗಳಾದರೂ ಹಿಡಿಯುತ್ತದೆ, ಶ್ರಾವಣದ ಹೊತ್ತಿಗೆ ಬಂದಾರು ಎಂದು ಗೀತಾ ಸುಮ್ಮನಾದಳು. ಪವನ್ ಧಾಬಾದ ಮೇಲಿನ ಖೋಲಿ ಸೇರಿದ. ಬೇಸರಪಟ್ಟುಕೊಂಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನೋ ಲಾರಿ ಡ್ರೈವರುಗಳ ಮೀಸೆಗಳ ಚಿತ್ರ ಬರೆಯುತ್ತ, ಎಂಥ ಚಂದದ ಪದ್ಧತಿ ಎಂದು ಮೆಚ್ಚಿಕೊಂಡು ಕೂತ.

ಪೊಲೀಸರು ಎಂಟನೆಯ ದಿನವೇ ಬಂದರು.

ಮನೆ ಮುಂದೆ ಪೊಲೀಸ್ ಬೈಕು ನಿಂತದ್ದು ಕಂಡು ಗೀತಾ ಅಂಗಡಿಯಿಂದ ಓಡಿದಳು. ಹೆಡ್ ಕಾನ್‌ಸ್ಟೇಬಲ್ ವೆಂಕಟ್ರಮಣ, ಸಿದ್ದಾಪುರದ ಕಡೆಯವರು, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಎದುರಿಗೆ ದೇವಕ್ಕ ಸೆರಗು ಹೊದ್ದು ನಿಂತಿದ್ದಳು. ಪೊಲೀಸರು ಮನೆಗೆ ಬರುವುದು ನಡತೆ ನೋಡಲಿಕ್ಕೆ ಎಂಬುದು ಅವಳ ತಿಳಿವಳಿಕೆ.

"ಇಲ್ರಿ ಸಾಹೇಬ್ರ! ದೇವರಾಣಿ, ಎಂಟ ದಿನಾ ಆತು, ಹೊಸ್ತಿಲಾ ಸೈತ ತುಳದಿಲ್ಲ ಅಂವ. ಮರ್ಯಾದಸ್ತರ ಮನಿ ನಮ್ದು."

"ಖರೆ ಐತ್ರಿ," ಎಂದಳು ನೀಲಗಂಗವ್ವ, ಯಾರೂ ಕೇಳದಿದ್ದರೂ. "ಆಷಾಢ ಹಿಡದಾಗಿಂದ ಇಬ್ರೂ ಒಂದ ಕಟ್ಟಿ ಮ್ಯಾಲ ಕುಂತಿಲ್ಲ. ಬಂಗಾರದಂಥಾ ಹುಡುಗ."

"ಯವ್ವಾ, ಬಾಯಿ ಮುಚ್ಚ!" ಗೀತಾ ಏದುಸಿರು ಬಿಡುತ್ತ ಕಾನ್‌ಸ್ಟೇಬಲ್ಲರತ್ತ ತಿರುಗಿದಳು. "ಸರ್, ಇದು ಆಷಾಢಕ್ಕಂತ ಅಷ್ಟರೀ..."

"ಆಷಾಢ ನಂಗೆ ಗೊತ್ತಿಲ್ದೆ ಎಂತ ತಂಗಿ? ನನ್ನ ಮಗ ಹೆಂಡ್ತಿ ಮುಖ ನೋಡೂದು ಈ ತಿಂಗಳು ಮೊಬೈಲಲ್ಲೇ. ಆದ್ರೆ ಈ ಕಾಗದದಲ್ಲಿ ಆಷಾಢಕ್ಕೆ ಕಾಲಮ್ ಇಲ್ಲ. ಒಟ್ಟಿಗೆ ಇದ್ದಾರಾ? ಹೌದು, ಇಲ್ಲ. ಎರಡೇ."

ಅದೇ ಹೊತ್ತಿಗೆ ಪವನ್ ರಸ್ತೆ ದಾಟಿ ಬಂದ. ಗೇಟಿನ ಹೊರಗೇ ನಿಂತು ಕೈಮುಗಿದ.

"ನಮಸ್ಕಾರ ಸರ್. ನಾನು ಒಳಗ ಬರಂಗಿಲ್ಲ. ಆಷಾಢ."

ಕಲಿತ ಕನ್ನಡವನ್ನೆಲ್ಲ ಒಂದೇ ಏಟಿಗೆ ಇಷ್ಟು ಚೆನ್ನಾಗಿ ಬಳಸಿದ್ದಕ್ಕೆ ಅವನ ಮುಖ ಅರಳಿತ್ತು. ಗೀತಾಳಿಗೆ ಅವನ ಕುತ್ತಿಗೆ ಹಿಸುಕಬೇಕೆನ್ನಿಸಿತು. ವೆಂಕಟ್ರಮಣ ನಿಟ್ಟುಸಿರು ಬಿಟ್ಟು ಪೆನ್ನಿನ ಟೋಪಿ ತೆಗೆದರು.

"ಯವ್ವಾ, ಅಂವನ ಬ್ಯಾಗ ಕಟ್ಟ," ಎಂದಳು ಗೀತಾ. "ಇಲ್ಲ ಅಂತ ಬರದ್ರ ಅಂವನ್ನ ವಾಪಸ್ ಕಳಸ್ತಾರ. ಅವನ ದೇಶಕ್ಕ. ವರ್ಷಾನೂ ಹಿಡೀಬಹುದು. ನೀ ಇಲ್ಲಿ ಹೊಸ್ತಿಲಾ ಕಾಯಕೋಂತ ಕುಂದ್ರು."

ದೇವಕ್ಕ ಕಾನ್‌ಸ್ಟೇಬಲ್ಲರನ್ನು ನೋಡಿದಳು. "ನಡತಿ ನೋಡಾಕ ಬಂದಿಲ್ಲೇನ್ರಿ ನೀವು?"

"ಅಲ್ಲ ಅಮ್ಮ. ಸಂಸಾರ ನೋಡೂಕೆ ಬಂದದ್ದು."

ದೇವಕ್ಕ ಒಳಗೆ ಹೋದಳು. ಟ್ರಂಕಿನ ಸದ್ದು, ಪಾತ್ರೆಯ ಸದ್ದು. ಹೊರಬಂದಾಗ ಕಂಕುಳಲ್ಲಿ ಚಾಪೆ, ಹೆಗಲ ಮೇಲೆ ಕೌದಿ, ಕೈಯಲ್ಲೊಂದು ಚೀಲ.

"ಪೆನ್ನ ಎತ್ತರಿ ಸಾಹೇಬ್ರ. ಅತ್ತಿ-ಅಳಿಯ ಕೂಡಿ ಇರಬಾರ್ದು ಅಂತ ಐತಿ. ಆದ್ರ ಅಳಿಯಾನ ಹೊರಗಿರಬೇಕು ಅಂತ ಎಲ್ಲೈತಿ? ಅತ್ತಿ ಹೋದ್ರ ಆಗಂಗಿಲ್ಲೇನು?"

ಅಂದವಳೇ ಗೇಟು ದಾಟಿ, ಹುಬ್ಬಳ್ಳಿ ಕಡೆಯಿಂದ ಬರುತ್ತಿದ್ದ ಟ್ಯಾಂಕರನ್ನು ಒಂದೇ ಕೈಯಲ್ಲಿ ನಿಲ್ಲಿಸಿ ಹೆದ್ದಾರಿ ದಾಟಿದಳು. "ಏ ನಾಗಪ್ಪಾ! ಮ್ಯಾಲಿನ ಖೋಲಿ ಕಸಾ ಹೊಡಿ. ಶ್ರಾವಣದ ತನಕಾ ನಾನ ಇರಾಕಿ."

"ಅಕ್ಕಾ!" ನೀಲಗಂಗವ್ವ ಬೇಲಿ ಹಿಡಿದು ಕೂಗಿದಳು. "ಮತ್ತ ಚೈತ್ರದ ಬಿಸಲು?"

"ಫ್ಯಾನ್ ಹಾಕಸ್ತೀನಿ! ನೀ ಒಳಗ ನಡಿ!"

ವೆಂಕಟ್ರಮಣರ ಹೊಟ್ಟೆ ನಗೆಯಿಂದ ಸದ್ದಿಲ್ಲದೆ ಕುಲುಕಿತು. "ಹೋಗು ತಮ್ಮ, ಒಳಗೆ ಹೋಗು. ನಾ ಕಣ್ಣಲ್ಲಿ ಕಂಡೇ ಬರಿಬೇಕು. ನಾಳೆ ಬೆಳಿಗ್ಗೆ ಮತ್ತೆ ಬರ್ತೆ. ಆಗಲೂ ಇಲ್ಲೇ ಇರ್ಬೇಕು."

ಪವನ್ ಅನುಮಾನದಿಂದ ರಸ್ತೆಯಾಚೆ ನೋಡಿದ. ಧಾಬಾದ ಮೆಟ್ಟಿಲ ಮೇಲಿಂದ ಅತ್ತೆ, ಕೋಳಿ ಓಡಿಸುವ ಹಾಗೆ, ಒಳಗೆ ನಡಿ ಎಂದು ಕೈ ಬೀಸಿದಳು. ಅವನು ಚಪ್ಪಲಿ ಕಳಚಿ ಹೊಸ್ತಿಲು ದಾಟಿದ. ಕಾನ್‌ಸ್ಟೇಬಲ್ ಬರೆದರು. ತಲೆಕೆಳಗಾದ ಅಕ್ಷರ ಓದುವುದು ಗೀತಾಳ ಕಸುಬಿನ ಭಾಗ. ಎದುರು ನಿಂತೇ ಓದಿಕೊಂಡಳು: 'ಪತಿ ಪತ್ನಿ ಒಂದೇ ಮನೆಯಲ್ಲಿ ವಾಸವಾಗಿರುವುದನ್ನು ಖುದ್ದು ನೋಡಿರುತ್ತೇನೆ.'

ಬೈಕು ಯಲ್ಲಾಪುರದ ಕಡೆ ಹೋಯಿತು. ಧಾಬಾದಿಂದ ಆಗಲೇ ದೇವಕ್ಕನ ದನಿ ಬರುತ್ತಿತ್ತು; ಇದಕ್ಕ ದಾಲ್ ಅಂತಾರೇನೋ ನಾಗಪ್ಪಾ ಎಂದು.

ಅಂಗಡಿಯ ಮುಂದೆ ಇಬ್ಬರು ಆಧಾರ್ ಕಾರ್ಡ್ ಹಿಡಿದು ಕಾಯುತ್ತಿದ್ದರು. ಗೀತಾ ಅವರಿಗೆ ನಾಳೆ ಬರ್ರಿ ಎಂದು ಕೂಗಿ ಹೇಳಿದಳು. ಆಮೇಲೆ ನೀಲಗಂಗವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಂತೆಯೇ, ಹಾಡುಹಗಲು ಹನ್ನೆರಡಕ್ಕೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.