ಕಬೂಲ್ ಅಂದವಳ ಮಗಳು

"ಹೆಸರ ಕೇಳಿದ್ರ ಹಾದಿ ಹೇಳ್ತಿಯೇನ ರಂಡಿ? ಸಡಕಿ ಅಂತ ಯಾವ ಸೂಳೆಮಗ ಹೆಸರಿಟ್ಟಾನ ನಿನಗ?"

ಫೌಜದಾರ ಕುರ್ಚಿಯಲ್ಲಿ ಕೂತಲ್ಲಿಂದಲೇ ಬೂಟುಗಾಲು ಚಾಚಿ ಅವಳ ಗಂಟನ್ನು ಒದ್ದ. ಊರೂರು ತಿರುಗಿ ಮಾರುವ ಪಿನ್ನು, ಹಣೆಯ ಟಿಕಳಿ, ಸೂಜಿ ಎಲ್ಲ ಠಾಣೆಯ ನೆಲದ ತುಂಬ ಚೆಲ್ಲಾಡಿದವು. ಐದು ತಿಂಗಳ ಬಸುರಿ ಸಡಕಿ ಕುಕ್ಕರುಗಾಲಲ್ಲಿ ಕೂತು ಒಂದೊಂದಾಗಿ ಆರಿಸತೊಡಗಿದಳು.

"ಹೆಸರಾ ಅದು, ಸಾಹೇಬ್ರ. ನಮ್ಮವ್ವ ನನ್ನ ಸಡಕಿನ ಮ್ಯಾಲ ಹಡದ್ಳು."

"ಗಂಡನ ಹೆಸರು?"

"ಬ್ಯಾರಿಸ್ಟರ್."

ಬರೆಯುತ್ತಿದ್ದ ಹವಾಲ್ದಾರ ಪೆನ್ನು ಕೆಳಗಿಟ್ಟು ನಕ್ಕ. ಫೌಜದಾರನೂ ನಕ್ಕ. "ಬ್ಯಾರಿಸ್ಟರ್ ಸಾಹೇಬ್ರು ಎಲ್ಲಿ ಅದಾರ ಈಗ? ಕೋರ್ಟಿಗೆ ಹೋಗ್ಯಾರೇನು?"

"ಓಡಿ ಹೋಗ್ಯಾನ್ರಿ."

ಅದು ನಿಜವೇ. ಜೀಪಿನ ಸದ್ದು ಕೇಳಿದರೆ ಹಕ್ಕಿ ಹಿಡಿದು ಬದುಕುವ ಪಾರಧಿಗಳ ಗುಡಿಸಲುಗಳಿಂದ ಗಂಡಸರೆಲ್ಲ ಓಡುತ್ತಾರೆ. ಸಿಕ್ಕಿದರೆ ಮೂಳೆ ಉಳಿಯುವುದಿಲ್ಲ. ಹೆಂಗಸರು, ನಾಯಿ, ಒಲೆಯ ಮೇಲಿನ ಗಡಿಗೆ ಹಿಂದೆ ಉಳಿಯುತ್ತವೆ. ಪೊಲೀಸರು ಇದ್ದುದರಲ್ಲಿ ಒಂದನ್ನು ಎತ್ತಿಕೊಂಡು ಹೋಗುತ್ತಾರೆ.

ಆ ಜನರಲ್ಲಿ ಮಗುವಿಗೆ ಹೆಸರು ಹುಡುಕಲು ಯಾರೂ ಪಂಚಾಂಗ ತೆಗೆಸುವುದಿಲ್ಲ. ಹುಟ್ಟುವ ಹೊತ್ತಿಗೆ ಏನು ನಡೆದಿತ್ತೋ ಅದೇ ಹೆಸರು. ಸಡಕಿಯ ತಮ್ಮ ಹುಟ್ಟಿದಾಗ ಗುಡಿಸಲಿನ ಮುಂದೆ ಪೊಲೀಸರು ಪಂಚನಾಮೆ ಬರೆಯುತ್ತ ಕೂತಿದ್ದರು, ಅವನು ಪಂಚನಾಮ್ಯಾ. ಮೈದುನನ ಹೆಸರು ಜಪ್ತಿ. ಸೋದರತ್ತೆ ವಾರಂಟಿ. ಹೀಗೆ ಕಾನೂನಿನ ಪುಸ್ತಕದ ಅರ್ಧ ಮಾತುಗಳು ಆ ಗುಡಿಸಲುಗಳ ನಡುವೆ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದವು. ಅವುಗಳ ಅರ್ಥ ಮಾತ್ರ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ದೇಶಮುಖರ ಎರಡು ಆಡು ಎಲ್ಲಿಟ್ಟೀರಿ?"

"ಗೊತ್ತಿಲ್ರಿ."

"ಮಂಗಳವಾರ ಮುಂಜಾನಿ ಎಲ್ಲಿದ್ದಿ?"

ಮಂಗಳವಾರ ಮುಂಜಾನೆ ಅವಳು ಸರ್ಕಾರಿ ಕುರುಚಲು ಕಾಡಿನಲ್ಲಿ ಕೌಜುಗಕ್ಕೆ ಉರುಲು ಹಾಕಿಕೊಂಡು ಕೂತಿದ್ದಳು. ಎರಡು ಹಕ್ಕಿ ಬಿದ್ದಿದ್ದವು. ಅದನ್ನು ಹೇಳಿದರೆ ಅರಣ್ಯ ಖಾತೆಯವರು ಬಂದು ಎಳೆದೊಯ್ಯುತ್ತಾರೆ. ಆಡು ಕದ್ದಿಲ್ಲ ಎನ್ನಬೇಕಾದರೆ ಹಕ್ಕಿ ಹಿಡಿದೆ ಎನ್ನಬೇಕು. ಅವಳು ಮತ್ತೆ ಸೂಜಿ ಆರಿಸತೊಡಗಿದಳು.

"ಜಾಮೀನು ಐತೇನು ನಿನಗ?"

"ಜಮೀನಾ? ನಮಗೆಲ್ಲಿ ಜಮೀನ್ರಿ, ಸಾಹೇಬ್ರ. ಹೆಣ ಹೂಳಾಕೂ ತುಂಡು ನೆಲ ಇಲ್ಲ."

ಠಾಣೆಗೆ ಠಾಣೆಯೇ ನಕ್ಕಿತು. ಏನು ತಪ್ಪು ಹೇಳಿದೆನೆಂದು ಅವಳಿಗೆ ತಿಳಿಯಲಿಲ್ಲ.

ಹದಿನೈದು ದಿನ ಕೊಠಡಿಯಲ್ಲಿ ಕೊಳೆಸಿ ಅವಳನ್ನು ಕೋರ್ಟಿಗೆ ಒಯ್ದರು. ಅಷ್ಟೂ ದಿನ ಸಡಕಿಗೆ ಇದ್ದದ್ದು ಒಂದೇ ಚಿಂತೆ. ಹೊಟ್ಟೆಯಲ್ಲಿರುವುದು ಎಲ್ಲಿ ಬೀಳುತ್ತದೆ? ಒಳಗೆ ಬಿದ್ದರೆ ಒಳಗಿನ ಹೆಸರೇ ಜನ್ಮಕ್ಕೆ ಅಂಟುತ್ತದೆ. ಜೈಲನ್ನು ಅವರು ತುರಂಗ ಎನ್ನುತ್ತಿದ್ದರು; ಅಲ್ಲಿ ಹುಟ್ಟಿದ ಇಬ್ಬರು ತುರಂಗಿಯರು ಅವರ ಪೈಕಿ ಆಗಲೇ ಇದ್ದರು. ಒಬ್ಬಳಿಗಂತೂ ಆ ಹೆಸರಿನಿಂದಲೇ ಗಂಡು ಸಿಕ್ಕಿರಲಿಲ್ಲ. ತನ್ನ ಮಗು ಗುಡಿಸಲ ಮುಂದಿನ ಹುಣಸೆಮರದ ಕೆಳಗೆ, ವಾರಂಟಿ ಅತ್ತೆಯ ಕೈಯಲ್ಲಿ ಬೀಳಬೇಕು, ಹುಣಸೆಯ ಮೇಲೆ ಚಿಂಚಿಯೆಂದೋ ನೆರಳಿನ ಮೇಲೆ ಸಾವಲಿಯೆಂದೋ ಹೆಸರಾಗಬೇಕು ಎಂದು ಅವಳ ಆಸೆ.

ಕೋರ್ಟಿನ ಮರಾಠಿ ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಕಾರಕೂನ ಗಡಗಡನೆ ಏನನ್ನೋ ಓದಿದ. ಆಡು, ದೇಶಮುಖ, ಮಂಗಳವಾರ ಎಂಬ ಮೂರು ಮಾತು ಕಿವಿಗೆ ಬಿದ್ದವು. ಆಮೇಲೆ ಮೇಲೆ ಕೂತಿದ್ದ ಸಾಹೇಬರು ಕೇಳಿದರು:

"ಗುನ್ಹೆ ಕಬೂಲೋ?"

ಸಡಕಿಯ ಜೀವ ಹಗುರಾಯಿತು. ಇಷ್ಟು ದಿನಕ್ಕೆ ಒಂದು ಗೊತ್ತಿದ್ದ ಮಾತು. ಅವರ ಪಂಚಾಯ್ತಿಯಲ್ಲಿ ಹಿರಿಯ ಮೊದಲು ಕೇಳುವುದು ಇದನ್ನೇ. ಕಬೂಲ್ ಎಂದರೆ, ನಿಮ್ಮ ದೂರು ಕೇಳಿದೆ, ನಾನು ಓಡಿಹೋಗುವವಳಲ್ಲ, ಕೂತು ನ್ಯಾಯ ಮಾಡಿ, ಆಣೆ ಇಟ್ಟು ಸತ್ಯ ಮಾಡಿ ತೋರಿಸುತ್ತೇನೆ ಎಂದು. ಕಬೂಲ್ ಎಂದವರ ಮಾತನ್ನಷ್ಟೇ ಪಂಚರು ಕೇಳುವುದು. ನಾಕಬೂಲ್ ಎನ್ನುವವರು ಕಳ್ಳರು. ಕತ್ತಲಾದ ಮೇಲೆ ಗುಡಿಸಲು ಕಿತ್ತುಕೊಂಡು ಹೋಗುವವರು.

"ಕಬೂಲ್, ಮಾಯ್‌ಬಾಪ್," ಎಂದಳು ಸಡಕಿ, ಕೋರ್ಟಿನ ಹೊರಗೂ ಕೇಳುವಂತೆ. "ನೂರು ಸಲ ಕಬೂಲ್."

ಸೆರಗು ಬಿಗಿದು, ಬಾಯಿ ಒರೆಸಿಕೊಂಡು ತನ್ನ ಸರದಿಗೆ ಕಾದಳು. ಹಕ್ಕಿಯ ವಿಷಯವನ್ನೂ ಹೇಳಿಬಿಡುವುದೆಂದು ನಿಶ್ಚಯಿಸಿದ್ದಳು; ನ್ಯಾಯಕ್ಕೆ ಕೂತ ಮೇಲೆ ಮುಚ್ಚುಮರೆ ಏಕೆ? ಕಾರಕೂನ ಬರೆದ. ಸಾಹೇಬರು ಸಹಿ ಹಾಕಿದರು. ಮೂರು ತಿಂಗಳು ಎಂದು ಯಾರೋ ಹೇಳಿದರು. ಹಿಂದಿನಿಂದ ಹವಾಲ್ದಾರಿಣಿ ಅವಳ ರಟ್ಟೆ ಹಿಡಿದೆಳೆದಳು.

"ನನ್ನ ಮಾತು ಇನ್ನಾ ಐತ್ರಿ," ಎಂದಳು ಸಡಕಿ.

"ನಿನ್ನ ಮಾತು ಆತು. ನಡಿ."

ಜಿಲ್ಲಾ ತುರಂಗದಲ್ಲಿ ಹೆಂಗಸರ ಬರಾಕು ಒಂದೇ. ಅಲ್ಲಿ ಕೊಂಡಾಬಾಯಿ ಒಂಬತ್ತು ವರ್ಷದಿಂದ ಇದ್ದಳು. ಕುಡಿದು ಬಂದು ಮಗಳ ಮೈಮೇಲೆ ಕೈಹಾಕಿದ ಗಂಡನನ್ನು ಒನಕೆಯಿಂದ ಬಡಿದು ಕೊಂದಿದ್ದಳು. ಅದನ್ನು ಅವಳು ಮುಚ್ಚಿಡುತ್ತಿರಲಿಲ್ಲ. ಎಲ್ಲರಿಗೂ ಅವಳು ಮಾವಶಿ, ಚಿಕ್ಕಮ್ಮ. ಸಡಕಿಯ ಕಥೆ ಕೇಳಿ ಮಾವಶಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಹಣೆ ಬಡಿದುಕೊಂಡಳು.

"ಅಯ್ಯ ಹುಚ್ಚಿ, ಕಳವು ಮಾಡೀನಿ ಅಂತ ನೀನಾ ಬಾಯಿಬಿಟ್ಟು ಹೇಳಿ ಬಂದೀಯಲ್ಲ. ಅದೂ ನೂರು ಸಲ."

ಸಡಕಿ ಆ ದಿನ ಉಣ್ಣಲಿಲ್ಲ. ಮರುದಿನದಿಂದ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಮಾವಶಿ ಅವಳಿಗೆ ಪಾಠ ಹೇಳಿದಳು. ಒಂದು ಮಾತು, ಒಂದು ಕಲ್ಲು.

"ಆರೋಪಿ ಅಂದ್ರ?"

"ಕಳ್ಳಿ."

"ಅಲ್ಲ. ಕಳ್ಳಿ ಅಂತ ಅವ್ರು ಅಂದಾರ, ಇನ್ನಾ ಸಾಬೀತ ಆಗಿಲ್ಲ. ಅಲ್ಲೀತನಕ ನೀ ಬರೇ ಆರೋಪಿ. ಕಬೂಲ್ ಅಂದಿ, ಅವ್ರಿಗೆ ಸಾಬೀತ ಮಾಡೋ ತ್ರಾಸು ತಪ್ಪಿಸಿದಿ. ತಾರೀಖು ಅಂದ್ರ?"

"ಹಬ್ಬದ ದಿನ."

"ಬಾ ಅಂತ ಕರಸಿ, ಹೋಗು ಅಂತ ಕಳಸೋ ದಿನ. ಜಾಮೀನು?"

"ಅದಕ್ಕಾ ಎಲ್ಲಾರೂ ನಕ್ಕರು ಮಾವಶಿ. ಹೊಲ ಅಲ್ಲೇನದು?"

"ಹೊಲಾನೂ ಹೌದು ತಗೋ. ಈಕಿ ಓಡಿಹೋಗಂಗಿಲ್ಲ, ನಾ ಹೊಣಿ ಅಂತ ಒಬ್ರು ನಿಲ್ಲಬೇಕು. ನಿಲ್ಲೋರಿಗೆ ಹೊಲದ ಕಾಗದ, ಉತಾರ ಬೇಕು. ಜ ಅನ್ನೂದನ್ನ ಒಂದೀಟು ಎಳದ್ರ ಜಾಮೀನು. ಎಳೀಬೇಕಾದ್ರ ಜಮೀನಿರಬೇಕು."

ಇನ್ನೊಂದು ದಿನ ಮಾವಶಿ ಹೇಳಿದಳು: "ಬಿಡುಗಡಿ ಬ್ಯಾರೆ, ನಿರ್ದೋಷಿ ಬ್ಯಾರೆ. ಬಿಡುಗಡಿ ಅಂದ್ರ ಮೈ ಹೊರಗ ಹೋಗತೈತಿ, ಹೆಸರು ಇವರ ಕಡೆನಾ ಉಳೀತೈತಿ. ನಿರ್ದೋಷಿ ಅಂದ್ರ ಹೆಸರೂ ಹೊರಗ ಬರತೈತಿ. ಅದಕ್ಕ ಮೊದಲು ನಾಕಬೂಲ್ ಅನ್ನಬೇಕು."

"ನಮ್ಮ ಮಂದ್ಯಾಗ ನಾಕಬೂಲ್ ಅನ್ನೂದು ಹೇಡಿತನ, ಮಾವಶಿ."

"ಇವರ ಮಂದ್ಯಾಗ ನಮ್ಮಂಥೋರಿಗೆ ಇರೋ ಧೈರ್ಯ ಅದೊಂದಾ."

ಮೂರು ತಿಂಗಳಾಯಿತು. ದಿನ ತುಂಬಿದ ಹೊಟ್ಟೆ ಹೊತ್ತು ಸಡಕಿ ದೊಡ್ಡ ಬಾಗಿಲಿನಿಂದ ಹೊರಗೆ ಕಾಲಿಟ್ಟಳು. ಎದುರಿನ ಕಬ್ಬಿನಹಾಲಿನ ಗಾಡಿಯ ಹಿಂದೆ ಬ್ಯಾರಿಸ್ಟರನ ಕೆಂಪು ರುಮಾಲು ಕಂಡಿತು. ಕೈಯಲ್ಲಿ ಹೊಸ ಸೀರೆಯ ಪೊಟ್ಟಣವಿತ್ತು. ಅವಳು ನಾಲ್ಕು ಹೆಜ್ಜೆ ಇಟ್ಟಿದ್ದಳು, ಅಷ್ಟೆ. ಮಗ್ಗುಲಲ್ಲಿ ಜೀಪು ನಿಂತಿತು.

"ಬಾ ಬ್ಯಾರಿಸ್ಟರಿಣಿ, ಹತ್ತು," ಎಂದ ಫೌಜದಾರ. "ಮಹಾದೇವರ ಗುಡಿ ಗಂಟಿ ಕದ್ದೋರು ಸಿಕ್ಕಿರಲಿಲ್ಲ. ನೀ ಚಲೋ ಕಬೂಲ್ ಅಂತಿ. ಅದಕ್ಕ ನಿನ್ನ ನೆನಪಾತು."

ಸಡಕಿ ತಿರುಗಿ ನೋಡಿದಾಗ ಗಾಡಿಯ ಹಿಂದೆ ರುಮಾಲಿರಲಿಲ್ಲ. ಸೀರೆಯ ಪೊಟ್ಟಣ ನೆಲದ ಮೇಲೆ ಬಿದ್ದಿತ್ತು. ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಓಡಿದವನ ಮೇಲೆ ಅಲ್ಲ, ಓಡುವುದನ್ನು ಅವನಿಗೆ ಕಲಿಸಿದವರ ಮೇಲೆ.

ಮರುದಿನ ಕೋರ್ಟಿನ ಪಡಸಾಲೆಯಲ್ಲಿ ಸರ್ಕಾರ ಕೊಟ್ಟ ವಕೀಲ ಬಂದ. ಕೈದಿಗಳು ಅವನನ್ನು ಫುಕಟ್ ವಕೀಲ ಎನ್ನುತ್ತಿದ್ದರು. ಕಂಕುಳಲ್ಲಿ ಮೂವತ್ತು ಕಡತ, ಕಣ್ಣು ಕಡತದ ಮೇಲೆ.

"ಗಂಟಿ ಕಳುವಾದ್ದು ಶ್ರಾವಣದ ಎರಡನೇ ಸೋಮವಾರ. ಕಬೂಲ್ ಅಂದುಬಿಡು. ಮುಗಸೂಣು."

"ಶ್ರಾವಣದಾಗ ನಾ ತುರಂಗದಾಗ ಇದ್ನಿರಿ, ವಕೀಲ್ರ. ದಿನಾ ಮುಂಜಾನಿ ಎಣಿಸಿ ರಜಿಸ್ಟರ್‌ದಾಗ ಬರ್ದಾರ."

ವಕೀಲ ಮೊದಲ ಸಲ ಅವಳ ಮುಖ ನೋಡಿದ. ನಗಬೇಕೋ ಬೇಡವೋ ಎಂಬಂತೆ ಅವನ ತುಟಿ ಸೊಟ್ಟಗಾಯಿತು.

"ಖರೇನೂ ಇರಬಹುದು. ಆದ್ರ ಅದನ್ನ ಸಾಕ್ಷಿ ಹಂತದಾಗ ಹೇಳೂದು. ಇವತ್ತು ಕೇಳೂದು ಒಂದಾ ಮಾತು. ಕಬೂಲ್ ಅಂದ್ರ, ಬಸುರಿ ಅದೀಯಂತ ಕೋರ್ಟ್ ಏಳೋತನಕ ಶಿಕ್ಷಾ. ಸಂಜಿ ಐದಕ್ಕ ಸಾಹೇಬ್ರು ಎದ್ದು ಚಾ ಕುಡ್ಯಾಕ ಹೋಗ್ತಾರ, ನೀ ಮನಿಗೆ ಹೋಗ್ತಿ. ನಾಕಬೂಲ್ ಅಂದ್ರ ಸಾಕ್ಷಿ ಬರಬೇಕು, ತಾರೀಖಿನ ಮ್ಯಾಲ ತಾರೀಖು. ನಿನಗ ಜಾಮೀನು ನಿಲ್ಲೋರು ಯಾರೂ ಇಲ್ಲ. ಒಳಗ ಹಡೀತಿ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ, ತಂಗಿ."

ವಕೀಲ ಸುಳ್ಳು ಹೇಳುತ್ತಿರಲಿಲ್ಲ. ಅದೇ ದೊಡ್ಡ ಕಷ್ಟವಾಗಿತ್ತು. ಕಂಬಕ್ಕೊರಗಿ ನಿಂತಿದ್ದ ಫೌಜದಾರ ತಂಬಾಕು ತಿಕ್ಕುತ್ತ ಹೇಳಿದ: "ನೂರು ಸಲ ಬ್ಯಾಡ. ಒಂದಾ ಸಲ ಅನ್ನು, ಸಾಕು."

ಒಳಗೆ ಅದೇ ಕಟಕಟೆ, ಅದೇ ಸಾಹೇಬರು.

"ಗುನ್ಹೆ ಕಬೂಲೋ?"

ಗೋಡೆಯ ಗಡಿಯಾರದಲ್ಲಿ ಹನ್ನೆರಡಾಗಿತ್ತು. ಐದಕ್ಕೆ ಐದೇ ಗಂಟೆ. ಆಮೇಲೆ ಹುಣಸೆಮರ, ವಾರಂಟಿ ಅತ್ತೆಯ ಒರಟು ಕೈ, ಬಿಸಿನೀರು. ಸಡಕಿಯ ನಾಲಿಗೆಯ ಮೇಲೆ ಕಬೂಲ್ ಬಂದು ಕೂತೇಬಿಟ್ಟಿತ್ತು. ಆದರೆ ಮುಂದಿನ ಗುಡಿಯ ಗಂಟೆ ಹೋದಾಗ? ಅದರ ಮುಂದಿನ ಆಡು? ಹೆಸರು ಇವರ ಬಳಿ ಉಳಿದರೆ ಮೈ ಎಷ್ಟು ದಿನ ಹೊರಗಿರುತ್ತದೆ? ಹೊಟ್ಟೆಯೊಳಗಿನದು ಒಮ್ಮೆ ಜೋರಾಗಿ ಒದೆಯಿತು.

"ನಾಕಬೂಲ್."

ಧ್ವನಿ ಅವಳಿಗೇ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಹೇಡಿಗಳ ಮಾತೆಂದು ಕೇಳಿದ್ದನ್ನು ಒಮ್ಮೆಲೇ ಹೇಗೆ ಕೂಗುವುದು?

"ಜೋರಾಗಿ ಹೇಳು," ಎಂದರು ಸಾಹೇಬರು.

"ನಾಕಬೂಲ್ರಿ. ಗಂಟಿ ಹೋದ ದಿನ ನಾ ನಿಮ್ಮ ತುರಂಗದಾಗ ಇದ್ದೆ. ನೀವಾ ಕಳಸಿದ್ರಿ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅದನ್ನ ಸಾಕ್ಷಿ ಹಂತದಲ್ಲಿ ಹೇಳಿಸು. ಜಾಮೀನು ಮಂಜೂರು. ಜಾಮೀನುದಾರರು ಜಮೀನಿನ ಉತಾರ ಹಾಜರುಪಡಿಸತಕ್ಕದ್ದು."

ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದದ್ದನ್ನು ಕೇಳಿ ಸಡಕಿಗೆ ನಗು ತಡೆಯಲಾಗಲಿಲ್ಲ. ಕೋರ್ಟಿನಲ್ಲಿ ನಗುತ್ತೀಯಾ ಎಂದು ಹವಾಲ್ದಾರಿಣಿ ಬೆನ್ನಿಗೆ ಗುದ್ದಿದಳು.

ಉತಾರ ತರುವವರು ಯಾರೂ ಬರಲಿಲ್ಲ. ತುರಂಗಕ್ಕೆ ಮರಳಿದ ಹನ್ನೊಂದನೆಯ ದಿನ ಹೆಣ್ಣು ಹುಟ್ಟಿತು. ದವಾಖಾನೆಯ ಗಾಡಿ ಬರುವ ಮೊದಲೇ ಬರಾಕಿನ ಮೂಲೆಯಲ್ಲಿ ಕೊಂಡಾಮಾವಶಿ ಹೊಕ್ಕಳಬಳ್ಳಿ ಕೊಯ್ದಳು. ಸಡಕಿ ಹುಣಸೆಮರ ಬೇಕೆಂದು ಅತ್ತಳು. ಉಳಿದ ಹೆಂಗಸರು ಸೀರೆ ಹಿಡಿದು ಮರೆಮಾಡಿ ನಿಂತರು.

ತುರಂಗದ ಕಾರಕೂನ ರಜಿಸ್ಟರ್ ತೆರೆದು ಕೂತಿದ್ದ. ಶ್ರಾವಣದ ಸೋಮವಾರಗಳ ಎಣಿಕೆಯೆಲ್ಲ ಇದ್ದದ್ದು ಅದೇ ರಜಿಸ್ಟರಿನಲ್ಲಿ.

"ಕೂಸಿನ ಹೆಸರು? ಇನ್ನೊಂದು ತುರಂಗಿ ಏನು?"

"ನಾಕಬೂಲ್."

"ಏ, ಅದು ಹೆಸರಲ್ಲ. ಜವಾಬು."

"ನಮ್ಮ ಪದ್ಧತಿರಿ, ಸಾಹೇಬ್ರ. ಹುಟ್ಟುವಾಗ ಏನ ನಡದಿರತೈತೋ ಅದಾ ಹೆಸರು. ಬರ್ಕೋರಿ."

ಕಾರಕೂನ ಬೈದುಕೊಳ್ಳುತ್ತ ಬರೆದ. ಅಂದಿನಿಂದ ದಿನಾ ಮುಂಜಾನೆ ಎಣಿಕೆಗೆ ಬಂದ ಜಮಾದಾರಿಣಿ, ಬೇಕಿರಲಿ ಬೇಡವಾಗಿರಲಿ, ಆ ಹೆಸರು ಕೂಗಲೇಬೇಕಾಯಿತು. ಕೂಗಿ, ಎಣಿಸಿ, ಲೆಕ್ಕ ಸರಿಯಾಯಿತೆಂದು ಬೀಗ ಜಡಿದು ಹೋಗುತ್ತಿದ್ದಳು.

ತಿಂಗಳಿಗೊಂದರಂತೆ ಬಿದ್ದ ಆರನೆಯ ತಾರೀಖಿಗೆ, ತುರಂಗದಿಂದ ಬಂದ ಪಟ್ಟಿಯನ್ನು ಕೋರ್ಟಿನ ಪಟ್ಟೆವಾಲ ಬಾಗಿಲಲ್ಲಿ ನಿಂತು ಓದಿದ.

"ಸಡಕಿ ಬ್ಯಾರಿಸ್ಟರ್ ಕಾಳೆ, ಹಾಜರ್ ಹೋ. ನಾಕಬೂಲ್ ಬ್ಯಾರಿಸ್ಟರ್ ಕಾಳೆ, ಹಾಜರ್ ಹೋ."

ಸಾಹೇಬರು ಕಾಗದದಿಂದ ತಲೆ ಎತ್ತದೆ ಹೇಳಿದರು: "ನಾನಿನ್ನೂ ಏನೂ ಕೇಳಿಲ್ಲ."

ಕಾರಕೂನ ಬಗ್ಗಿ ಅವರ ಕಿವಿಯಲ್ಲಿ ಪಿಸುಗುಟ್ಟಿದ. ಕೋರ್ಟಿನಲ್ಲಿ ನಗೆಯೆದ್ದಿತು, ಫೌಜದಾರ ಎಲ್ಲರಿಗಿಂತ ಜೋರಾಗಿ ನಕ್ಕ. ಸಡಕಿ ನಗಲಿಲ್ಲ. ಮಗಳನ್ನು ಎರಡೂ ಕೈಯಲ್ಲಿ ಕಟಕಟೆಯ ಮೇಲೆ ಎತ್ತಿ ಹಿಡಿದಳು.

"ಹಾಜರ್."

ಗಂಟೆ ಕಳೆದುಕೊಂಡ ಗುಡಿಯ ಪೂಜಾರಿ ಗುರವ ಸಾಕ್ಷಿ ಹೇಳಲು ಬಂದಿರಲಿಲ್ಲ. ಗುಡಿಯಲ್ಲಿ ಅಭಿಷೇಕವಿತ್ತಂತೆ. ಮುಂದಿನ ತಾರೀಖು ಬಿತ್ತು. ಸಡಕಿಯ ಕೈಗೆ ಹಗ್ಗ ಬಿಗಿಯಲು ಹವಾಲ್ದಾರಿಣಿ ಹತ್ತಿರ ಬಂದಳು. ನಾಕಬೂಲ್‌ಗೆ ಆಗ ಕೆಳಗಿನ ಎರಡು ಹಲ್ಲು ಬಂದಿದ್ದವು. ಹವಾಲ್ದಾರಿಣಿಯ ಬೆರಳನ್ನು ಬಾಯಿಗೆ ಎಳೆದುಕೊಂಡು ಕಚ್ಚಿ ಹಿಡಿದಳು, ಬಿಡಿಸಿದರೂ ಬಿಡಲಿಲ್ಲ.