ಬಕೆಟ್ಟಿನಲ್ಲಿ ಹೋಗದ ಮಸಾಲೆ

ಎದೆಲ್ಮಿರಾಳ ಪೆಟ್ಟಿಗೆ ಊರಿಗೆ ಬರುವಾಗ ಎಷ್ಟು ಹಗುರವಾಗಿತ್ತೋ ಹೊರಡುವಾಗ ಅಷ್ಟೇ ಹಟ ಹಿಡಿದಿತ್ತು. ಅಣ್ಣ ತೇಯೋ ಅದರ ಮೇಲೆ ಕೂತ. ಸಾಲದೆಂದು ಅತ್ತಿಗೆ ರುಫೀನಾ ಅವನ ಮಡಿಲಲ್ಲಿ ಕೂತಳು. ಆದರೂ ಜಿಪ್ಪು ಮುಕ್ಕಾಲು ದಾರಿಗೆ ಬಂದು ನಿಂತುಬಿಟ್ಟಿತು.

“ಏನೇ ತುಂಬಿದ್ದೀಯ ಇದ್ರಲ್ಲಿ? ಓಕೋತ್ಲಾನ್ ಸಂತೆನೆಲ್ಲಾ ಎತ್ಕೊಂಡು ಹೊರಟ್ಯಾ?” ಎಂದ ತೇಯೋ.

“ನಂದೇನಿದೆ ಇದ್ರಲ್ಲಿ? ಎಲ್ಲಾ ಅವರಿವರದು. ನೀನು ಇನ್ನೊಂಚೂರು ಭಾರ ಬಿಟ್ಟು ಕೂತ್ಕೋ.”

“ಇದ್ದಿದ್ದೆಲ್ಲಾ ಬಿಟ್ಟಾಯ್ತು. ಇನ್ನು ಎಮ್ಮೆ ತಂದು ಕೂರಿಸ್ಬೇಕು.”

ಅವಳು ಹೇಳಿದ್ದು ನಿಜವೇ. ಎದೆಲ್ಮಿರಾ ಊರಿಗೆ ಹೊರಟಿದ್ದಾಳೆ ಎಂಬ ಸುದ್ದಿ ಚಿಕಾಗೋದಲ್ಲಿ ಅವಳು ದುಡಿಯುವ ಬಟ್ಟೆ ಒಗೆಯುವ ಅಂಗಡಿಯಿಂದ ಹೊರಬಿದ್ದದ್ದೇ ತಡ, ಅವಳ ಊರಿರುವ ಓಹಾಕಾ ಸೀಮೆಯವರೆಲ್ಲ ಒಬ್ಬೊಬ್ಬರಾಗಿ ಬಾಗಿಲು ತಟ್ಟಿದ್ದರು. ಎಲ್ಲರದೂ ಒಂದೇ ಮಾತು, “ಬರೀ ಒಂದು ಪುಟ್ಟ ಪೊಟ್ಟಣ ಕಣಮ್ಮ.” ಒಬ್ಬಳಿಗೆ ನಿಂಬೆ, ಉಪ್ಪು ಹಾಕಿ ಹುರಿದ ಮಿಡತೆ ಬೇಕು. ಅದೂ ಚಿಕ್ಕವು, ಕಾಲು ಗಂಟಲಿಗೆ ಸಿಕ್ಕಿಕೊಳ್ಳದಂಥವು. ಇನ್ನೊಬ್ಬನಿಗೆ ಬಿಸಿನೀರಿನಲ್ಲಿ ಕದಡುವ ಚಾಕೊಲೇಟ್ ಬಿಲ್ಲೆ, ದಾಲ್ಚಿನ್ನಿ ಮುಂದಾಗಿರಬೇಕು, ಮಾರುಕಟ್ಟೆಯ ಹಿಂದಿನ ಗಿರಣಿಯದೇ ಆಗಬೇಕು. ಕೆಳಮನೆಯ ಮುದುಕನಿಗೆ ಊರಿನ ಬಟ್ಟೆ ಸೋಪು. ಅಲ್ಲಿನ ಸೋಪಿನಲ್ಲಿ ಒಗೆದ ಅಂಗಿ ತೊಟ್ಟರೆ ಅವನಿಗೆ ಯಾರೋ ಪರಕೀಯರು ತಬ್ಬಿಕೊಂಡ ಹಾಗಾಗುತ್ತದಂತೆ. ನೂಲಿನ ಉಂಡೆಯಂತೆ ಸುತ್ತಿದ ಚೀಸು, ಹೊಗೆ ಹಿಡಿಸಿದ ಒಣಮೆಣಸಿನಕಾಯಿ, ಎಲ್ಲಕ್ಕೂ ಜಾಗ ಸಿಕ್ಕಿತ್ತು. ಎದೆಲ್ಮಿರಾಳ ಸ್ವಂತದ್ದು ಒಂದೇ ಒಂದಿತ್ತು. ಅದಕ್ಕೆ ಮಾತ್ರ ಜಾಗವಿರಲಿಲ್ಲ.

ಅದು ಅಡುಗೆಮನೆಯ ಕಟ್ಟೆಯ ಮೇಲೆ, ಮುಚ್ಚಳದ ಮೇಲೊಂದು ಬಿಳಿ ಬಟ್ಟೆ ಕಟ್ಟಿಸಿಕೊಂಡು ಮದುಮಗಳಂತೆ ಕೂತಿತ್ತು. ನೀಲಿ ಬಕೆಟ್ಟಿನ ತುಂಬ, ಕೋಳಿ ಸಾರಿನಲ್ಲಿ ಕದಡಿ ಬಡಿಸುವ ಗಟ್ಟಿ ಕಪ್ಪು ಮಸಾಲೆ. ಊರವರು ಗೌರವದಿಂದ ದೋನ್ಯಾ ಎನ್ನುವ ಅಮ್ಮ ಗೌದೆನ್ಸಿಯಾ ವಾರವಿಡೀ ಮಾಡಿದ್ದು. ಮೆಣಸಿನಕಾಯಿಯನ್ನು ಇದ್ದಿಲಾಗುವವರೆಗೆ ಹುರಿದ ದಿನ ಬೀದಿಯ ಕೊನೆಯ ಮನೆಯವರೂ ಕೆಮ್ಮುತ್ತಾ ಬಂದು, “ಯಾರ ಮನೆ ಮದುವೆ?” ಎಂದು ಕೇಳಿದ್ದರು. ಮಸಾಲೆ ಒಲೆಯ ಮೇಲಿರುವಷ್ಟು ಹೊತ್ತು ಅಮ್ಮನೊಬ್ಬಳೇ ಅದನ್ನು ತಿರುವಿದ್ದಳು. ಅಡುಗೆಮನೆಯಲ್ಲಿ ಯಾರೂ ಸಿಟ್ಟಾಗಕೂಡದು, ಸಿಟ್ಟಾದರೆ ಮಸಾಲೆ ಒಡೆದು ಎಣ್ಣೆ ಬೇರೆ, ಗಸಿ ಬೇರೆ ಆಗುತ್ತದೆ ಎಂದು ತೇಯೋನನ್ನೂ ರುಫೀನಾಳನ್ನೂ ಒಟ್ಟಿಗೆ ಒಳಗೆ ಬಿಟ್ಟಿರಲೇ ಇಲ್ಲ.

ಚಿಕಾಗೋದಲ್ಲಿ ಎದೆಲ್ಮಿರಾಳ ಮಗ ಅಬ್ದಿಯೆಲ್‌ನ ಮದುವೆ. ಅಜ್ಜಿಗೆ ವೀಸಾ ಸಿಗಲಿಲ್ಲ. ಎರಡನೇ ಸಲವೂ ಇಲ್ಲವೆಂದಾಗ ಮುದುಕಿ ಅಳಲಿಲ್ಲ. “ಹೋಗ್ಲಿ ಬಿಡು. ನಾನು ಬರೋಕಾಗ್ದಿದ್ರೆ ನನ್ನ ಅಡುಗೆ ಬರುತ್ತೆ. ಮೊಮ್ಮಗನ ಮದುವೆ ಊಟ ನಂದೇ” ಎಂದಳು. ಅಷ್ಟೇ ಆಗಿದ್ದರೆ ಸರಿಯಿತ್ತು. ಆದರೆ ಹೆಣ್ಣಿನ ಕಡೆಯವರು ಕಂದು ಮಸಾಲೆಗೆ ಹೆಸರಾದ ಪುಯೆಬ್ಲಾ ಸೀಮೆಯವರು. ಬೀಗಿತ್ತಿ ದೋನ್ಯಾ ಇರ್ಲಾಂದಾ ನಿಶ್ಚಿತಾರ್ಥದ ದಿನವೇ ಎಲ್ಲರ ಮುಂದೆ, “ನಿಮ್ಮ ಓಹಾಕಾದವ್ರು ಮಸಾಲೆನ ಸೀದು ಹಾಕಿ, ಆಮೇಲೆ ಅದಕ್ಕೆ ಕಪ್ಪು ಮಸಾಲೆ ಅಂತ ಹೆಸರಿಡ್ತೀರಂತಲ್ಲಾ?” ಎಂದು ಕೇಳಿ ನಕ್ಕಿದ್ದಳು. ಕೊನೆಗೆ ಒಪ್ಪಂದವಾಗಿದ್ದು ಹೀಗೆ: ಊರಿಂದ ಮಸಾಲೆ ಬಂದರೆ ಗಂಡಿನ ಅಜ್ಜಿಯದು ಬಡಿಸುವುದು. ಬಾರದಿದ್ದರೆ ಇರ್ಲಾಂದಾಳ ಕಂದು ಮಸಾಲೆ ಸಿದ್ಧವಾಗಿ ಕಾದಿರುತ್ತದೆ.

“ಪೆಟ್ಟಿಗೆಯಿಂದ ಆ ಸೋಪು ತೆಗ್ದು ಇದನ್ನಿಡೇ” ಎಂದಳು ರುಫೀನಾ.

“ಬೇಡ, ಬೇಡ. ವಿಮಾನದ ಹೊಟ್ಟೆಗೆ ಹಾಕಕೂಡ್ದು” ಎಂದು ಅಮ್ಮ ಒಳಗಿಂದಲೇ ಕೂಗಿದಳು. “ಹೋದ ಸಲ ಹಾಕಿದ ಚೀಸು ಎಲ್ಲಿಗೆ ಹೋಯ್ತು? ಇವಳು ಒಂದು ಊರಲ್ಲಿ ಇಳಿದ್ರೆ ಅದು ಇನ್ನೊಂದು ಊರಲ್ಲಿ ಇಳೀತು. ಮಡಿಲಲ್ಲಿಟ್ಕೊಂಡು ಹೋಗ್ಲಿ. ಮಗು ಹೊತ್ಕೊಂಡು ಹೋಗಲ್ವಾ?”

ಹಾಗಾಗಿ ಬಕೆಟ್ಟು ಅಮ್ಮನ ಮಡಿಲೇರಿ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಹೊರಟಿತು. ಉಳಿದವರು ಹಿಂದೆ. ಅದು ಶುಕ್ರವಾರ, ಸಂತೆಯ ದಿನ. ಇವಳನ್ನು ಬಿಟ್ಟು ಹಾಗೆಯೇ ಸಂತೆಗೆ ಹೋಗೋಣವೆಂದು ರುಫೀನಾ ಮಾರಲಿಕ್ಕಿದ್ದ ರೊಟ್ಟಿಯ ಬುಟ್ಟಿಗಳನ್ನೂ ಏರಿಸಿದ್ದಳು. ನಮ್ಮ ಕಡೆಯ ದೊಡ್ಡ ರೊಟ್ಟಿ, ತ್ಲಾಯೂದಾ. ಮೊರದಷ್ಟು ಅಗಲ, ಒಣಗಿದ ಚರ್ಮದಷ್ಟು ಗಟ್ಟಿ. ಒಬ್ಬರನ್ನು ಕಳಿಸಲು ಮನೆಮಂದಿಯೆಲ್ಲ ಹೋಗುವುದು ವಾಡಿಕೆ. ಹಾಗಾಗಿ ಪಕ್ಕದ ಮನೆಯ ಇಬ್ಬರು ಹೆಂಗಸರೂ ಹತ್ತಿಕೊಂಡಿದ್ದರು.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗೆ ತೊಂದರೆಯಾಗಲಿಲ್ಲ. ಕೌಂಟರಿನ ಹುಡುಗಿ ಅದಕ್ಕೆ ಚೀಟಿ ಕಟ್ಟಿ ಒಳಗೆ ತಳ್ಳಿದಳು. ಎಲ್ಲರೂ ತಬ್ಬಿಕೊಂಡರು, ಅತ್ತರು, ನಕ್ಕರು. ನೆನಪಾದಾಗ ಮತ್ತೊಮ್ಮೆ ತಬ್ಬಿಕೊಂಡರು. ಎದೆಲ್ಮಿರಾ ಬಕೆಟ್ಟನ್ನು ಸೊಂಟಕ್ಕೇರಿಸಿಕೊಂಡು ತಪಾಸಣೆಯ ಸಾಲಿಗೆ ಹೋದಳು.

ಬಕೆಟ್ಟು ಯಂತ್ರದೊಳಗೆ ಹೋಯಿತು, ಹಿಂದಕ್ಕೆ ಬಂದಿತು, ಮತ್ತೆ ಹೋಯಿತು. ಸಮವಸ್ತ್ರದ ಹುಡುಗಿ ಬಟ್ಟೆ ಬಿಚ್ಚಿ, ಮುಚ್ಚಳ ಎತ್ತಿ, ಒಂದು ಕ್ಷಣ ಕಣ್ಣು ಮುಚ್ಚಿಕೊಂಡು ವಾಸನೆ ಎಳೆದುಕೊಂಡಳು.

“ಅಯ್ಯೋ ಅಮ್ಮಾ, ಇದು ಒಳಗೆ ಹೋಗೋ ಹಾಗಿಲ್ವಲ್ಲಾ.”

“ಯಾಕ್ ತಾಯಿ? ಮಸಾಲೆ ಇದು.”

“ಗೊತ್ತು. ಆದ್ರೆ ನಿಯಮದ ಪ್ರಕಾರ ಇದು ನೀರು.”

“ನೀರಾ?” ಎದೆಲ್ಮಿರಾಳ ದನಿ ಏರಿತು. “ಚಮಚ ಚುಚ್ಚಿದ್ರೆ ಸೈನಿಕನ ಹಾಗೆ ನಿಂತ್ಕೊಳುತ್ತೆ! ಎಲ್ಲಾದ್ರೂ ನೀರಲ್ಲಿ ಚಮಚ ನಿಂತಿದ್ದು ನೋಡಿದ್ದೀಯಾ?”

“ನೀರು, ಲೇಪ, ಎರಡೂ ಒಂದೇ ಲೆಕ್ಕ ಇಲ್ಲಿ. ಹೋದ ತಿಂಗಳು ನಮ್ಮ ಚಿಕ್ಕಮ್ಮನ ಮಸಾಲೆನೇ ತಡೆದೆ. ಇವತ್ತಿಗೂ ನನ್ನ ಮಾತಾಡ್ಸಲ್ಲ ಅವ್ರು.”

ಎದೆಲ್ಮಿರಾ ಬಕೆಟ್ಟು ಹೊತ್ತು ಕೌಂಟರಿಗೆ ಓಡಿದಳು. ಸಾಮಾನಿನ ಗಾಡಿ ವಿಮಾನದ ಹತ್ತಿರ ಹೋಗಿಯಾಗಿತ್ತು. ಇನ್ನೇನೂ ಸೇರಿಸುವ ಹಾಗಿಲ್ಲವೆಂದು ಅಲ್ಲಿದ್ದವಳು ಕೈ ಆಡಿಸಿದಳು. ವಿಮಾನಕ್ಕೆ ಕರೆಯಲು ಇನ್ನು ಅರ್ಧ ಗಂಟೆ. ಮನೆಮಂದಿ ಇನ್ನೂ ಬಾಗಿಲ ಬಳಿಯೇ ನಿಂತಿದ್ದರು. ಕಾಣುವವರೆಗೂ ಕೈ ಬೀಸದೆ ಯಾರೂ ಹೋಗುವುದಿಲ್ಲ ನೋಡಿ. ಬಕೆಟ್ಟು ಮರಳಿ ಬಂದದ್ದು ಕಂಡು ಅಮ್ಮನ ಮುಖ ಬಾಡಿತು.

“ಹಾಗಾದ್ರೆ ಆ ಪುಯೆಬ್ಲಾದೋಳೇ ಬಡಿಸ್ತಾಳಾ?” ಎಂದಳು ಮೆಲ್ಲಗೆ. ಅಷ್ಟೇ. ಬೈದಿದ್ದರೆ ಎದೆಲ್ಮಿರಾ ತಡೆದುಕೊಳ್ಳುತ್ತಿದ್ದಳು. ಅಮ್ಮನ ಆ ಸಣ್ಣ ದನಿಯನ್ನು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ ತಪಾಸಣೆಯ ಕಡೆ ತಿರುಗಿ ನೋಡಿದಳು. ಅಲ್ಲೊಬ್ಬ ದಪ್ಪ ಗಂಡಸು ಅರ್ಧ ತಿಂದ ಬನ್ನನ್ನು ಕೈಯಲ್ಲಿ ಹಿಡಿದು ಒಳಗೆ ಹೋಗುತ್ತಿದ್ದ. ಬನ್ನಿನ ಅಂಚಿನಲ್ಲಿ ರುಬ್ಬಿದ ಹುರುಳಿಯ ಲೇಪ ಸೋರುತ್ತಿತ್ತು.

ಅವಳು ಸರಸರನೆ ಆ ಹುಡುಗಿಯ ಬಳಿಗೆ ಹೋದಳು.

“ತಾಯಿ, ಅವನನ್ನ ಹೇಗೆ ಬಿಟ್ಟೆ? ಅವನ ಬನ್ನೊಳಗಿರೋದು ಲೇಪ ಅಲ್ವಾ?”

“ಅದು ಬನ್ನಮ್ಮ. ತಿಂಡಿ. ತಿಂಡಿ ತಗೊಂಡು ಹೋಗ್ಬಹುದು.”

“ಹಾಗಾದ್ರೆ ರೊಟ್ಟಿಗೆ ಹಚ್ಚಿದ್ರೆ?”

ಹುಡುಗಿ ಅತ್ತಿತ್ತ ನೋಡಿದಳು. ತುಟಿಯಂಚಿನಲ್ಲಿ ನಗು ಬಂದು ಹೋಯಿತು. “ರೊಟ್ಟಿಗೆ ಹಚ್ಚಿದ್ದು ರೊಟ್ಟಿನೇ. ಆದ್ರೆ ನಮ್ಮ ಸಾಹೇಬ್ರೂ ನೋಡ್ತಾರೆ, ಈಗ್ಲೇ ಹೇಳಿರ್ತೀನಿ.”

ಎದೆಲ್ಮಿರಾ ಓಡಿ ಬಂದು, “ಅತ್ತಿಗೆ, ಬುಟ್ಟಿ ಇಳಿಸು!” ಎಂದಳು.

“ಯಾಕೆ? ಅದು ಸಂತೆಗೆ—”

“ಸಂತೆ ಮುಂದಿನ ಶುಕ್ರವಾರನೂ ಇರುತ್ತೆ. ಅಬ್ದಿಯೆಲ್ ಮುಂದಿನ ಶುಕ್ರವಾರ ಇನ್ನೊಂದ್ಸಲ ಮದುವೆ ಆಗಲ್ಲ.”

ರುಫೀನಾ ಬುಟ್ಟಿ ಇಳಿಸಿದಳು. ಟ್ರಕ್ಕಿನ ಹಿಂಭಾಗವೇ ಅಡುಗೆ ಕಟ್ಟೆಯಾಯಿತು. ಒಂದು ರೊಟ್ಟಿ, ಅದರ ಮೇಲೆ ಮಸಾಲೆ, ಅದರ ಮೇಲೆ ಇನ್ನೊಂದು ರೊಟ್ಟಿ. ತೇಯೋ ಬಕೆಟ್ಟಿಗೆ ಕೈ ಹಾಕಿದ. ಅಮ್ಮ ಪಟ್ಟನೆ ಅವನ ಮುಂಗೈಗೆ ಬಾರಿಸಿದಳು.

“ಮುಟ್ಬೇಡ! ಒಬ್ಬರದೇ ಕೈ ಬೀಳ್ಬೇಕು ಇದಕ್ಕೆ. ನಾನೇ ಹಚ್ತೀನಿ.”

“ನೀನೊಬ್ಬಳೇ ಹಚ್ಚಿ ಮುಗಿಸೋದ್ರೊಳಗೆ ಅಬ್ದಿಯೆಲ್‌ಗೆ ಮಕ್ಳಾಗಿರ್ತವೆ” ಎಂದ ತೇಯೋ.

“ಏನಂದೆ?”

“ಅಮ್ಮಾ, ಸಿಟ್ಟಾಗ್ಬೇಡ, ಒಡೆದುಹೋಗುತ್ತೆ!” ಎಂದು ಎದೆಲ್ಮಿರಾ ಬಕೆಟ್ಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

ತನ್ನ ಮಾತೇ ತನಗೆ ತಿರುಗಿ ಬಂದದ್ದು ಮುದುಕಿಗೆ ತಿಳಿಯಿತು. ಅವಳ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಹೊರಗೆ ಬಂದಿತು.

“ಹೋಗ್ಲಿ. ಒಲೆ ಮೇಲಿದ್ದಾಗ ಒಂದು ಕೈ. ಒಲೆ ಇಳಿದ್ಮೇಲೆ ಅದು ಎಲ್ಲರದ್ದೂ. ಹಚ್ರೋ, ಹಚ್ರೋ! ತೆಳ್ಳಗಲ್ಲ ಕಣೋ ತೇಯೋ, ಗೋಡೆಗೆ ಸುಣ್ಣ ಬಳೀತಿದ್ದೀಯಾ?”

ಎಲ್ಲರೂ ಕೈಹಾಕಿದರು. ಪಕ್ಕದ ಮನೆಯ ಹೆಂಗಸರು ಶಾಲು ಸೊಂಟಕ್ಕೆ ಸಿಕ್ಕಿಸಿ ನಿಂತರು. ಹೂ ಮಾರುವವಳು ಬುಟ್ಟಿ ಬದಿಗಿಟ್ಟು ಬಂದಳು. ಒಬ್ಬ ಟ್ಯಾಕ್ಸಿ ಚಾಲಕ, “ನನ್ನ ಕೈ ಶುದ್ಧ, ನೋಡಿ” ಎಂದು ತೋರಿಸಿ, ಹಚ್ಚಿದ್ದಕ್ಕಿಂತ ಹೆಚ್ಚು ನೆಕ್ಕಿ, ಅಮ್ಮನ ಕೈಯಲ್ಲಿ ಬೈಸಿಕೊಂಡ. ಬಕೆಟ್ಟು ಬರಿದಾಗುತ್ತಾ ಬಂತು. ರೊಟ್ಟಿಗಳ ಗೋಪುರ ಏರಿತು. ರುಫೀನಾ ಅದನ್ನು ತನ್ನ ಶಾಲಿನಲ್ಲೇ ಗಂಟು ಕಟ್ಟಿ, “ಇವತ್ತಿನ ವ್ಯಾಪಾರ ಪೂರ್ತಿ ಚಿಕಾಗೋಗೆ ಹೊರಟಿದೆ. ನಿನ್ನ ಬೀಗಿತ್ತಿಗೆ ಹೇಳು, ರೊಟ್ಟಿ ಕೂಡ ನಮ್ಮ ಓಹಾಕಾದ್ದೇ ಅಂತ” ಎಂದಳು.

ಎದೆಲ್ಮಿರಾ ಗಂಟನ್ನು ಎದೆಗವಚಿಕೊಂಡು ಹೋದಳು. ಈ ಸಲ ಯಂತ್ರದ ಪಕ್ಕ ಸಾಹೇಬನೇ ನಿಂತಿದ್ದ. ದೊಡ್ಡ ಮೀಸೆ, ಸಣ್ಣ ಕಣ್ಣು.

“ಏನಮ್ಮ ಇದು?”

“ದಾರಿಗೆ ಬುತ್ತಿ, ಸ್ವಾಮಿ.”

“ಇಷ್ಟೊಂದಾ?”

“ದೂರ ಅಲ್ವಾ? ನಂಗೆ ಹಸಿವು ಜಾಸ್ತಿ.”

“ಹೌದಾ? ಹಾಗಾದ್ರೆ ಒಂದು ತಿನ್ನಿ, ನೋಡೋಣ. ತಿನ್ನೋಕಾದ್ರೆ ತಿಂಡಿ, ಆಗ್ದಿದ್ರೆ ಲೇಪ.”

ಸಾರಿನಲ್ಲಿ ಕದಡದ, ಬರೀ ಗಟ್ಟಿ ಮಸಾಲೆಯನ್ನು ಯಾರೂ ತಿನ್ನುವುದಿಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಎದೆಲ್ಮಿರಾ ಗಂಟು ಬಿಚ್ಚಿ, ಮೇಲಿನದನ್ನು ಮಡಿಚಿ ಕಚ್ಚಿದಳು. ರೊಟ್ಟಿ ಚರ್ಮದಂತೆ ಎಳೆಯಿತು. ಮೆಣಸಿನ ಖಾರ ಮೊದಲು ನಾಲಿಗೆಗೆ, ಆಮೇಲೆ ಕಿವಿಗೆ, ಆಮೇಲೆ ನೆತ್ತಿಗೆ ಏರಿತು. ಸಾಹೇಬ ಕೈಕಟ್ಟಿ ನೋಡುತ್ತಿದ್ದ. ಹಿಂದೆ ಸಾಲು ಬೆಳೆಯಿತು. ಮೂಗು, ಕಣ್ಣು ಎರಡೂ ಹರಿಯುತ್ತಿದ್ದರೂ ಅವಳು ಅಗಿದಳು, ನುಂಗಿದಳು, ಮತ್ತೆ ಕಚ್ಚಿದಳು. ಅಂಚಿನ ಚೂರನ್ನೂ ಬಿಡಲಿಲ್ಲ. ಕೊನೆಗೆ ಬೆರಳು ನೆಕ್ಕಿ, “ಉಪ್ಪು ಸರಿಯಾಗಿದೆ, ಸ್ವಾಮಿ” ಎಂದಳು.

ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮೀಸೆಯ ಕೆಳಗೆ ಏನೋ ಅಲುಗಾಡಿತು.

“ಹೋಗಮ್ಮ, ಹೋಗು. ಮುಂದೆ ನೀರು ಸಿಗುತ್ತೆ, ಮೊದಲು ಕುಡಿ.”

ಮದುವೆಯ ದಿನ ಚಿಕಾಗೋದ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ಎದೆಲ್ಮಿರಾ ರೊಟ್ಟಿಗಳನ್ನು ಮುರಿದು ಮುರಿದು ಮಸಾಲೆ ಸಮೇತ ಅದರೊಳಗೆ ಹಾಕಿದಳು. ಮಸಾಲೆ ದಪ್ಪವಾಗಲೆಂದು ಹೇಗೂ ಸುಟ್ಟ ರೊಟ್ಟಿ ರುಬ್ಬಿ ಹಾಕುವುದುಂಟು. ಈ ಸಲ ತುಸು ಹೆಚ್ಚಾಯಿತು, ಅಷ್ಟೇ. ರೊಟ್ಟಿ ಕರಗಿತು, ಸಾರು ಕಪ್ಪಾಯಿತು, ಹೊಳೆಯಿತು, ಎಲ್ಲಿಯೂ ಒಡೆಯಲಿಲ್ಲ. ದೋನ್ಯಾ ಇರ್ಲಾಂದಾ ತನ್ನ ಕಂದು ಮಸಾಲೆಯ ಪಾತ್ರೆಯನ್ನು ಮುಚ್ಚಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಎರಡು ಸಲ ಮೂಗರಳಿಸಿ ವಾಸನೆ ಎಳೆದುಕೊಂಡಳು. ಊಟಕ್ಕೆ ಕೂತಾಗ ಮೊದಲ ತಟ್ಟೆಯಲ್ಲಿ ಚಮಚದ ತುದಿಯಷ್ಟು ಹಾಕಿಸಿಕೊಂಡಳು. ಎರಡನೆಯದಕ್ಕೆ ತಾನೇ ಎದ್ದು ಹೋದಳು. ಆಮೇಲೆ ಅವಳು ಎಷ್ಟು ಸಲ ಎದ್ದಳೆಂದು ಯಾರೂ ನೋಡಲಿಲ್ಲ. ಎಲ್ಲರೂ ಏಳುತ್ತಲೇ ಇದ್ದರು.

ಸಂಜೆಗೆ ಅಮ್ಮನ ವಿಡಿಯೋ ಫೋನು ಬಂದಿತು. ಮೊದಲು ಮದುಮಕ್ಕಳಿಗೆ ಆಶೀರ್ವಾದ, ಆಮೇಲೆ ನಿಜವಾದ ಪ್ರಶ್ನೆ.

“ಎಷ್ಟು ಉಳೀತೇ?”

ಎದೆಲ್ಮಿರಾ ಫೋನನ್ನು ಪಾತ್ರೆಯ ಕಡೆ ತಿರುಗಿಸಿದಳು. ಪಾತ್ರೆ ತಳ ಕಾಣುವಂತೆ ಬರಿದಾಗಿತ್ತು. ಅದರೊಳಗೆ ಭುಜದವರೆಗೂ ಕೈ ಇಳಿಸಿ, ಯಾರೋ ಹೆಂಗಸು ಒಳಮೈಗೆ ಅಂಟಿದ್ದನ್ನು ಬೆರಳಲ್ಲಿ ಬಳಿಯುತ್ತಿದ್ದಳು.

“ಯಾರೇ ಅದು, ಹಸಿರು ರೇಷ್ಮೆ ಉಟ್ಟೋಳು?”

“ಅವ್ರೇ ಅಮ್ಮ, ನನ್ನ ಬೀಗಿತ್ತಿ.”

ಓಕೋತ್ಲಾನ್‌ನಲ್ಲಿ ಮುದುಕಿ ಪರದೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು.

“ಪಾಪ, ಹಾಗ್ಯಾಕೆ ನಿಲ್ಲಿಸ್ಕೊಂಡು ತಿನ್ನಿಸ್ತಿದ್ದೀಯೇ? ಒಂದು ಕುರ್ಚಿ ಹಾಕು ಅವರಿಗೆ” ಎಂದಳು.